ಕಾರ್ವೆಟ್: ಹೆಸರು ಹಡಗಿನದು, ಮೈ ಗಾಜಿನ ನಾರಿನದು

ಪ್ರಶ್ನೆ: ಕಾರ್ವೆಟ್ ಎಂದರೆ ಚಿಕ್ಕ ಯುದ್ಧನೌಕೆ ಎಂದು ಓದಿದ್ದೇನೆ. ಅಮೆರಿಕದ ಸ್ಪೋರ್ಟ್ಸ್ ಕಾರಿಗೂ ಅದೇ ಹೆಸರು ಹೇಗೆ ಬಂತು? ಅದು ಮೊದಲಿನಿಂದಲೂ ವಿ-8 ಎಂಜಿನ್ ಕಾರೇ?

ಉತ್ತರ: ನೀವು ಓದಿದ್ದು ಸರಿ. ಹೆಸರು ನೌಕೆಯಿಂದಲೇ ಬಂದದ್ದು. ನಮ್ಮ ನೌಕಾಪಡೆಯಲ್ಲೂ ಕಾರ್ವೆಟ್‌ಗಳಿವೆ. ಈ ಕಾರನ್ನು ತಯಾರಿಸಿದ ಷೆವ್ರೊಲೆ ಕಂಪನಿಯವರಿಗೆ ಇಂಗ್ಲಿಷಿನ 'ಸಿ' ಅಕ್ಷರದಿಂದ ಶುರುವಾಗುವ ಹೆಸರು ಬೇಕಿತ್ತು. ಕಂಪನಿಯ ಮೈರನ್ ಸ್ಕಾಟ್ ಇದನ್ನು ಸೂಚಿಸಿದರು.

ಕಾರಿನ ಕಲ್ಪನೆ ಷೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಅವರದು. ಎರಡನೇ ಮಹಾಯುದ್ಧದ ನಂತರ ಅಮೆರಿಕನ್ನರಿಗೆ ಎಂ.ಜಿ., ಜಾಗ್ವಾರ್‌ನಂಥ ಬ್ರಿಟಿಷ್ ಕಾರುಗಳ ರುಚಿ ಹತ್ತಿತ್ತು. ಅಂಥದ್ದು ನಮ್ಮಲ್ಲೇ ಏಕಾಗಬಾರದು ಎಂಬುದು ಅರ್ಲ್ ಹಟ. 1953ರ ಜನವರಿಯಲ್ಲಿ ನ್ಯೂಯಾರ್ಕ್‌ನ ವಾಲ್ಡಾರ್ಫ್-ಆಸ್ಟೋರಿಯಾ ಹೋಟೆಲಿನ ಪ್ರದರ್ಶನದಲ್ಲಿ ಇಟ್ಟ ಮಾದರಿಯನ್ನು ಜನ ಬಹಳ ಮೆಚ್ಚಿದರು. ಜೂನ್ 30ಕ್ಕೆ ಮಿಷಿಗನ್‌ನ ಫ್ಲಿಂಟ್‌ನಲ್ಲಿ ತಯಾರಿಕೆ ಆರಂಭವಾಯಿತು.

ಇಷ್ಟು ಬೇಗ ಸಾಧ್ಯವಾದದ್ದು ಕಾರಿನ ಮೈಯನ್ನು ಫೈಬರ್‌ಗ್ಲಾಸ್‌ನಿಂದ, ಅಂದರೆ ಗಾಜಿನ ನಾರಿನಿಂದ, ಮಾಡಿದ್ದರಿಂದ. ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳಿಗೆ ಹಣವೂ ಕಾಲವೂ ಹೆಚ್ಚು ಬೇಕು. ಕೆಲವೇ ಕಾರುಗಳಿಗೆ ಅದು ಗಿಟ್ಟುವುದಿಲ್ಲ. ಆದರೆ ಗಾಜಿನ ನಾರಿನಲ್ಲಿ ವಿದ್ಯುತ್ ಹರಿಯದು. ತಗಡಿನ ಕಾರಿನಲ್ಲಿ ಮೈಯೇ ಅರ್ತ್ (ವಿದ್ಯುತ್ ಮರಳುವ ದಾರಿ) ಆಗುತ್ತದೆ. ಇಲ್ಲಿ ದೀಪಗಳಿಗೆ ಬೇರೆ ಅರ್ತ್ ತಂತಿ ಎಳೆಯಬೇಕಾಯಿತು. ಇದೇ ಗುಣದಿಂದ ಒಂದು ಅನುಕೂಲವೂ ಆಯಿತು: ರೇಡಿಯೋದ ಆಂಟೆನಾವನ್ನು ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿಬಿಟ್ಟರು.

ಇನ್ನು ವಿ-8. ಇಲ್ಲಿ ಅನೇಕರು ಎಡವುತ್ತಾರೆ, ನಿಮಗೆ ಸಂದೇಹ ಬಂದದ್ದು ಸಹಜ. ಮೊದಲ ವರ್ಷ ಮಾಡಿದ್ದು 300 ಕಾರು, ಎಲ್ಲವೂ ಬಿಳಿ, ಒಳಗೆ ಕೆಂಪು. ಎಂಜಿನ್ ಸಾಲಾಗಿ ಆರು ಸಿಲಿಂಡರಿನದು, 150 ಅಶ್ವಶಕ್ತಿ. ಗೇರ್ ಎರಡೇ, ಅದೂ ಆಟೊಮ್ಯಾಟಿಕ್! ನೋಟಕ್ಕೆ ತಕ್ಕ ಓಟ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. 1954ರಲ್ಲಿ 3,640 ಮಾಡಿದರು, ಬಹಳಷ್ಟು ಮಾರಾಟವಾಗದೆ ಉಳಿದವು. 1955ಕ್ಕೆ ತಯಾರಿಕೆ 700ಕ್ಕೆ ಇಳಿಯಿತು.

ಕಾರು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ವರ್ಷ ಫೋರ್ಡ್ ಕಂಪನಿ ಥಂಡರ್‌ಬರ್ಡ್ ತಂದು ಪೈಪೋಟಿಗೆ ಇಳಿಯಿತು. ಕಾರ್ವೆಟ್‌ಗೆ 195 ಅಶ್ವಶಕ್ತಿಯ ವಿ-8 ಬಂತು. 1953ರ ಪ್ರದರ್ಶನದಲ್ಲಿ ಕಾರು ನೋಡಿ ಮನಸೋತು ಜನರಲ್ ಮೋಟರ್ಸ್ ಸೇರಿದ್ದ ಎಂಜಿನಿಯರ್ ಜೋರಾ ಆರ್ಕಸ್-ಡಂಟೋವ್ ಮುಂದೆ ಇದನ್ನು ನಿಜವಾದ ಓಟದ ಕಾರಾಗಿ ತಿದ್ದಿದರು.

ಹಳೆಯ ಕಾರ್ವೆಟ್‌ನ ಚಿತ್ರ ಸಿಕ್ಕರೆ ಬಾಗಿಲನ್ನು ನೋಡಿ. ಹೊರಗೆ ಹಿಡಿಯೇ ಇಲ್ಲದಿದ್ದರೆ ಅದು ಮೊದಲ ಮೂರು ವರ್ಷಗಳದ್ದು. ಪಕ್ಕದ 'ಷೆವ್ರೊಲೆ' ಬರಹದಲ್ಲಿ 'ವಿ' ಅಕ್ಷರ ಮಾತ್ರ ದೊಡ್ಡದಾಗಿ, ಚಿನ್ನದ ಬಣ್ಣದಲ್ಲಿದ್ದರೆ ಅದು 1955ರ ವಿ-8.