ಎಲೆಯ ಬುಡದ ಕಣ್ಣು

ಮಗೂ, ನಿಮ್ಮತ್ತೆ ಮನೆ ಹಿತ್ತಲಿನ ಗಜನಿಂಬೆಯಿಂದ ಎಲೆ ತಂದು ಗಿಡ ಮಾಡುತ್ತೇನೆ ಅಂದೆಯಲ್ಲ, ಮಾಡು. ಗಜನಿಂಬೆ, ಮಾದಲ ಇವೆಲ್ಲ ಸಲೀಸಾಗಿ ಬೇರು ಬಿಡುವ ಜಾತಿ. ಕಿತ್ತಳೆ ಹಾಗಲ್ಲ, ಸತಾಯಿಸುತ್ತದೆ. ಅದು ಬೇಕಿದ್ದರೆ ಕಸಿ ಗಿಡವನ್ನೇ ತಾ. ನಾಟಿ ನಿಂಬೆಗಾದರೆ ಬೀಜವೇ ಸಾಕು. ಅದರ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಏಳುವುದುಂಟು, ಹೆಚ್ಚಿನವು ತಾಯಿಮರದ ಗುಣವನ್ನೇ ಹೊತ್ತು ಬರುತ್ತವೆ. ಕಾಯಿ ಬಿಡುವುದು ಮಾತ್ರ ತಡ.

ಎಲೆಯನ್ನು ಕೈಯಲ್ಲಿ ಕೀಳಬೇಡ. ನಿಂಬೆಯ ಎಲೆಗೂ ತೊಟ್ಟಿಗೂ ನಡುವೆ ಒಂದು ಗಿಣ್ಣಿರುತ್ತದೆ. ಎಳೆದರೆ ಅಲ್ಲೇ ಮುರಿದು, ತೊಟ್ಟು ಕೊಂಬೆಯಲ್ಲೇ ಉಳಿದುಬಿಡುತ್ತದೆ. ನಾಳೆ ಚಿಗುರಾಗಬೇಕಾದ ಕಣ್ಣಿರುವುದು ತೊಟ್ಟು ಕೊಂಬೆಗೆ ಕೂಡುವ ಸಂದಿನಲ್ಲಿ, ಮುಳ್ಳಿನ ಪಕ್ಕದಲ್ಲಿ. ಕಣ್ಣಿಲ್ಲದ ಎಲೆಯೂ ಬೇರು ಬಿಟ್ಟೀತು, ತಿಂಗಳುಗಟ್ಟಲೆ ಹಸಿರಾಗಿ ನಿಂತೀತು, ಆದರೆ ಎಂದೂ ಗಿಡವಾಗದು. ಎಷ್ಟೋ ಜನ ಆ ಹಸಿರನ್ನು ನಂಬಿ ಕಾಯುತ್ತಾ ಕೂರುತ್ತಾರೆ, ಪಾಪ. ಹರಿತವಾದ ಚಾಕು ತಗೊಂಡು ಎಲೆ, ತೊಟ್ಟು, ಕಣ್ಣು, ಜೊತೆಗೆ ಸುಮಾರು 2 ಸೆಂಟಿಮೀಟರ್ ಕಡ್ಡಿ ಸೇರಿಸಿ ಕತ್ತರಿಸು.

ಕಡ್ಡಿ ಬಲಿತಿದೆಯೋ ಇಲ್ಲವೋ ಬೆರಳೇ ಹೇಳುತ್ತದೆ. ತೀರ ಎಳೆಯದು ಹೊರಳಿಸಿದರೆ ಮೂಲೆಮೂಲೆಯಾಗಿ ಸಿಗುತ್ತದೆ, ಅದು ಕೊಳೆಯುತ್ತದೆ. ದುಂಡಗಾಗುತ್ತಾ ಬಂದು ಇನ್ನೂ ಹಸಿರಾಗಿರುವುದನ್ನು ಆರಿಸು.

ಅದಕ್ಕೂ ಮೊದಲು ಮರವನ್ನು ಸರಿಯಾಗಿ ನೋಡು. ಎಲೆಯ ಎರಡೂ ಮಗ್ಗುಲಲ್ಲಿ ನರಗಳ ನಡುವೆ ಒಂದೇ ಸಮ ಹಳದಿಯಿದ್ದರೆ ಸತುವಿನ ಕೊರತೆಯಿದ್ದೀತು. ಒಂದು ಮಗ್ಗುಲು ಒಂದು ಥರ, ಇನ್ನೊಂದು ಮಗ್ಗುಲು ಬೇರೆ ಥರ ಮಚ್ಚೆಯಿದ್ದರೆ ಆ ಮರವನ್ನು ಮುಟ್ಟಲೇಬೇಡ. ಅದು ಗ್ರೀನಿಂಗ್ ರೋಗವಿರಬಹುದು. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರಲ್ಲಿ ಅದರ ಪಾಲೂ ಇದೆ. ರೋಗ ಹತ್ತಿದ ಮರಕ್ಕೆ ಮದ್ದಿಲ್ಲ, ಅದರ ಕಡ್ಡಿಯಿಂದ ಮಾಡಿದ ಗಿಡಕ್ಕೂ ರೋಗ ಬರಬಹುದು.

ಮಳೆ ಹಿಡಿದ ಜೂನ್, ಜುಲೈ ಒಳ್ಳೆಯ ಕಾಲ. ಮರಳು, ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ ಕುಂಡಕ್ಕೆ ತುಂಬು. ಗೊಬ್ಬರ ಈಗ ಬೇಡ. ನರ್ಸರಿಯಲ್ಲಿ ಬೇರು ಬರಿಸುವ ಐಬಿಎ ಪುಡಿ ಸಿಗುತ್ತದೆ. ಕಡ್ಡಿಯ ಬುಡಕ್ಕೆ ತುಸು ಸೋಕಿಸಿ, ಕಣ್ಣು ಮಣ್ಣಿನ ಮಟ್ಟಕ್ಕೆ ಬರುವಂತೆ ಊರು. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿ ನೇರ ಬಿಸಿಲು ಬೀಳದ, ಬೆಳಕಿರುವ ಜಾಗದಲ್ಲಿಡು. ಕವರಿನ ಒಳಗೆ ತೆಳುವಾಗಿ ಬೆವರು ಕಟ್ಟಿದ್ದರೆ ನೀರು ಹಾಕಬೇಕಿಲ್ಲ. ಬೇರು ಬರಲು ಒಂದೆರಡು ತಿಂಗಳು ಬೇಕು. ಕಿತ್ತು ನೋಡುವ ಆಸೆಯಾಗುತ್ತದೆ, ತಡೆದುಕೋ. ಎಳೆ ಬೇರು ಮುರಿದರೆ ಮತ್ತೆ ಮೊದಲಿನಿಂದ.

ಚಿಗುರೊಡೆದ ಮೇಲೆ ಕವರನ್ನು ಒಮ್ಮೆಲೇ ತೆಗೆಯದೆ ದಿನಕ್ಕೊಂದಿಷ್ಟು ಹೊತ್ತು ತೆರೆದಿಟ್ಟು ಗಾಳಿಗೆ ಒಗ್ಗಿಸು. ಆಗಿನಿಂದ ದಿನಾ ಬೆಳಿಗ್ಗೆ ಎಲೆಗಳನ್ನು ತಿರುವಿ ನೋಡು. ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿ ಏನಾದರೂ ಅಂಟಿಕೊಂಡಿದ್ದರೆ ಅದು ನಿಂಬೆ ಚಿಟ್ಟೆಯ ಹುಳು. ದೊಡ್ಡ ಮರಕ್ಕೆ ಅದು ಲೆಕ್ಕಕ್ಕಿಲ್ಲ, ನಾಲ್ಕೆಲೆಯ ಸಸಿಯನ್ನು ಬೇಗನೆ ಬೋಳು ಮಾಡುತ್ತದೆ. ಕೊಲ್ಲಬೇಡ, ಎತ್ತಿ ಬೇಲಿಯ ಕರಿಬೇವಿಗೆ ಬಿಡು. ಅದನ್ನೂ ತಿಂದು ಬದುಕುತ್ತದೆ.