ಮುಂದುವರಿದ ಸ್ತನ ಕ್ಯಾನ್ಸರ್ ಮತ್ತು ಕೀಮೋಥೆರಪಿ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು



ಕಳೆದ ವರ್ಷ ವಸತಿ ಯೋಜನೆಯ ಕಡತಕ್ಕಾಗಿ ಕಚೇರಿಗೆ ಬಂದಿದ್ದ ರೈತರೊಬ್ಬರು, ಪತ್ನಿಗೆ ಕೀಮೋಥೆರಪಿ ಆಗಿ ಹತ್ತು ದಿನವಾಯಿತೆಂದೂ ರಾತ್ರಿಯಿಂದ ಜ್ವರವಿರುವುದರಿಂದ ಮಾತ್ರೆ ಕೊಟ್ಟು ಮಲಗಿಸಿ ಬಂದಿರುವುದಾಗಿಯೂ ಹೇಳಿದರು. ನಾನು ಇಂಜಿನಿಯರಿಂಗ್ ಓದಿದವನು. ಆ ಮಾತಿನ ಗಂಭೀರತೆ ನನಗೆ ಹೊಳೆಯಲಿಲ್ಲ. ಕಡತ ನೋಡಿ ಕಳುಹಿಸಿಬಿಟ್ಟೆ. ಮರುದಿನ ಸಂಜೆ ಆಕೆಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಆಕೆ ಬದುಕುಳಿದರು. ಅನಂತರ ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆ, ಶ್ವಾಸಕೋಶ, ಯಕೃತ್ತು ಅಥವಾ ಮೆದುಳಿಗೆ ಹರಡಿದರೆ ಅದು ನಾಲ್ಕನೆಯ ಹಂತ. ಈ ಹಂತದಲ್ಲಿ ಚಿಕಿತ್ಸೆಯ ಗುರಿ ಸಾಮಾನ್ಯವಾಗಿ ಕಾಯಿಲೆಯನ್ನು ಪೂರ್ಣವಾಗಿ ಗುಣಪಡಿಸುವುದಲ್ಲ. ಅದನ್ನು ಹತೋಟಿಯಲ್ಲಿಟ್ಟು, ನೋವು ಮತ್ತು ಉಸಿರಾಟದ ತೊಂದರೆಯನ್ನು ತಗ್ಗಿಸಿ, ಆಯುಷ್ಯವನ್ನು ಹೆಚ್ಚಿಸುವುದು. ಇದನ್ನರಿಯದೆ ಜಮೀನು ಮಾರಲು ಮುಂದಾಗುವವರಿದ್ದಾರೆ. ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು, ಅದು ಫಲಿಸುತ್ತಿದೆಯೇ ಎಂಬುದು ಯಾವಾಗ ತಿಳಿಯುತ್ತದೆ, ಫಲಿಸದಿದ್ದರೆ ಬೇರೆ ದಾರಿ ಯಾವುದು ಎಂದು ರೋಗಿಯೇ ವೈದ್ಯರನ್ನು ಕೇಳಬೇಕು. ನಮ್ಮಲ್ಲಿ ಆಕೆಯನ್ನು ಹೊರಗೆ ಕೂರಿಸಿ ಗಂಡಸರು ಮಾತ್ರ ಕೇಳಿ ಬರುವ ರೂಢಿಯಿದೆ. ಅದು ಸರಿಯಲ್ಲ.

ಎಲ್ಲರಿಗೂ ಕೀಮೋಥೆರಪಿಯೇ ಮೊದಲ ಚಿಕಿತ್ಸೆಯಲ್ಲ. ಗಡ್ಡೆಯ ತುಣುಕನ್ನು ಪರೀಕ್ಷಿಸಿ, ಅದು ಹಾರ್ಮೋನಿಗೆ ಸ್ಪಂದಿಸುವ ಬಗೆಯದೆಂದು ಕಂಡುಬಂದರೆ ಮಾತ್ರೆಗಳಿಂದ ಆರಂಭಿಸುವುದುಂಟು. ಹರ್-2 ಎಂಬ ಪ್ರೋಟೀನು ಹೆಚ್ಚಿದ್ದರೆ ಅದಕ್ಕೆ ಪ್ರತ್ಯೇಕ ಔಷಧಿಯಿದೆ. ಆದ್ದರಿಂದ ಆ ಪರೀಕ್ಷಾ ವರದಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಕೀಮೋ ಔಷಧಿಯು ವೇಗವಾಗಿ ಬೆಳೆಯುವ ಜೀವಕೋಶಗಳನ್ನು ನಾಶಮಾಡುತ್ತದೆ. ಕೂದಲು, ಬಾಯಿಯ ಒಳಪದರ ಮತ್ತು ರಕ್ತ ಹುಟ್ಟುವ ಮಜ್ಜೆಯ ಕೋಶಗಳೂ ಅಂಥವೇ ಆದುದರಿಂದ ಅವುಗಳಿಗೂ ಪೆಟ್ಟು ಬೀಳುತ್ತದೆ. ಉದುರಿದ ಕೂದಲು ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ವಾಂತಿಯಾಗುವವರೆಗೆ ಕಾಯದೆ, ಹೇಳಿದ ಹೊತ್ತಿಗೇ ನುಂಗಬೇಕು. ಔಷಧಿ ಏರಿಸುವಾಗ ಸೂಜಿಯ ಜಾಗದಲ್ಲಿ ಉರಿ ಕಂಡರೆ ಸಂಕೋಚಪಡದೆ ಕೂಡಲೇ ದಾದಿಯರಿಗೆ ತಿಳಿಸಬೇಕು. ನಾಟಿ ಔಷಧಿ ಸೇವಿಸುತ್ತಿದ್ದರೆ ಮುಚ್ಚಿಡಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಜ್ವರ. ಮೂರು ವಾರಗಳಿಗೊಮ್ಮೆ ಕೊಡುವ ಹಲವು ಔಷಧಿಗಳಲ್ಲಿ, ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿ ರಕ್ತಕಣಗಳು ತೀರ ಕಡಿಮೆಯಾಗುತ್ತವೆ. ಆಗ ಸಣ್ಣ ಸೋಂಕೂ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗಬಹುದು. ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಮೈ ನಡುಗಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಜ್ವರದ ಮಾತ್ರೆ ನುಂಗಿದರೆ ಮೈಬಿಸಿ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಆ ರೈತರ ಮನೆಯಲ್ಲಿ ಆದದ್ದು ಇದೇ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು, ಕೀಮೋಥೆರಪಿ ಆಗಿ ಇಷ್ಟು ದಿನವಾಗಿದೆ ಎಂಬುದು.

ಸದಸ್ಯರ ಪಾಲಿನ ಕೆಲಸ ಇಲ್ಲಿದೆ. 108 ಆಂಬುಲೆನ್ಸ್ ತಡವಾದರೆ ರಾತ್ರಿ ಯಾರ ವಾಹನ ಹೊರಡಬಲ್ಲದು ಎಂಬುದನ್ನು ಮೊದಲೇ ಗೊತ್ತುಮಾಡಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್‌ಗಳಲ್ಲಿ ಹೆಸರಿನ ವ್ಯತ್ಯಾಸವಿದ್ದರೆ ಚಿಕಿತ್ಸೆ ಆರಂಭವಾಗುವ ಮೊದಲೇ ಸರಿಪಡಿಸಲು ನೆರವಾಗಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೂರದ ಆಸ್ಪತ್ರೆಗೆ ಹೋಗುವ ರೋಗಿಗಳಿಗೆ ರೈಲ್ವೆ ಪ್ರಯಾಣದರದಲ್ಲಿ ರಿಯಾಯಿತಿಯಿದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ರೋಗಿಯ ಹೆಸರನ್ನು ಗ್ರಾಮಸಭೆಯಲ್ಲಿ ಎತ್ತಬಾರದು. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂಬುದನ್ನು ಮಾತ್ರ ಎಲ್ಲರಿಗೂ ತಿಳಿಸಬಹುದು.

ಕೊನೆಯದಾಗಿ, ಚಿಕಿತ್ಸೆಯಲ್ಲಿರುವವರ ಮನೆಯಲ್ಲಿ ಒಂದು ಥರ್ಮಾಮೀಟರ್ ಇದೆಯೇ ಎಂದು ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ. ಆ ರೈತರ ಮನೆಯಲ್ಲಿ ಇರಲಿಲ್ಲ.