ಕಿವಿಯಿಂದ ಕಾಣುವ ಜೀವಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರಿನ ಬತ್ತದ ಗದ್ದೆಗಳ ಮೇಲೆ ಕತ್ತಲು ಕವಿಯುತ್ತಲೇ ಬಾವಲಿಗಳ ಬೇಟೆ ಮೊದಲಾಗುತ್ತದೆ. ಲಿಂಗಸುಗೂರು, ಮಸ್ಕಿಗಳ ಕಡೆಯ ಕಲ್ಲುಗುಡ್ಡಗಳಂಥ ನೆಲೆಗಳೇ ಇವುಗಳಿಗೆ ಹಗಲಿನ ಆಶ್ರಯ.

ಕಗ್ಗತ್ತಲಿನಲ್ಲಿ ಹಾರುವ ಕೀಟವನ್ನು ಅವು ಹಿಡಿಯುವುದು ಹೇಗೆ? ಕಣ್ಣು ಕಳೆದುಕೊಂಡ ಬಾವಲಿಯೂ ಅಡೆತಡೆಗಳಿಗೆ ತಾಗದೆ ಹಾರುವುದನ್ನು ಇಟಲಿಯ ಸ್ಪಲಾಂಜಾನಿಯು 1793ರಲ್ಲಿ ಕಂಡನು. ಕಿವಿ ಮುಚ್ಚಿದರೆ ಅದು ದಿಕ್ಕುಗೆಡುವುದೆಂಬುದೂ ಬಳಿಕ ತಿಳಿದುಬಂದಿತು. ಮನುಷ್ಯರಿಗೆ ಕೇಳದ ಅದರ ಕೂಗನ್ನು 1938ರಲ್ಲಿ ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಯಂತ್ರದ ನೆರವಿನಿಂದ ಗುರುತಿಸಿದರು.

ಆ ಕೂಗು ಕೀಟಕ್ಕೆ ತಾಗಿ ಪ್ರತಿಧ್ವನಿಯಾಗಿ ಮರಳುತ್ತದೆ. ಗಾಳಿಯಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 340 ಮೀಟರು. ಆದುದರಿಂದ 1.7 ಮೀಟರು ದೂರದ ಕೀಟದಿಂದ ಪ್ರತಿಧ್ವನಿಯು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಹಿಂದಿರುಗುತ್ತದೆ. ಈ ಕಾಲಾವಧಿಯಿಂದ ಬಾವಲಿಯು ದೂರವನ್ನೂ, ಎರಡು ಕಿವಿಗಳಿಗೆ ಕೇಳುವ ವ್ಯತ್ಯಾಸದಿಂದ ದಿಕ್ಕನ್ನೂ ಅರಿಯುತ್ತದೆ.

ಆದರೆ ಈ ಜಾಣ್ಮೆಯೊಂದೇ ಅದನ್ನು ಉಳಿಸಲಾರದು. 1994ರಲ್ಲಿ ವೈಜ್ಞಾನಿಕ ಹೆಸರು ಪಡೆದ ಕೋಲಾರದ ಎಲೆಮೂಗಿನ ಬಾವಲಿಗೆ ಇಂದು ಹನುಮನಹಳ್ಳಿಯ ಒಂದೇ ಗುಹೆ ಗತಿಯಾಗಿದೆ. ಕಲ್ಲುಗಣಿಗಾರಿಕೆಯು ಅದನ್ನು ವಿನಾಶದ ಅಂಚಿಗೆ ತಂದಿದೆ. ಪೈರಿನ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಗೆ ಕಲ್ಲಿನ ಬಿರುಕೇ ಮನೆ. ಗುಡ್ಡವನ್ನು ಒಡೆದರೆ ಗದ್ದೆಯೂ ಬಡವಾಗುತ್ತದೆ.